‘ಸರಣಗಮನ’ಕ್ಕೆ ಕನ್ನಡದಲ್ಲಿ ಏನನ್ನೋಣ?

ಸ.ನಾ.:
ಬೌದ್ಧ ದಾರಿಯ ಬಗ್ಗೆ ಕುತೂಹಲ ಇರುವ ಹೊಸಬರಿಗಾಗಿ ನಾಲ್ಕು ಪುಟದ ಕೈಪಿಡಿ ನಾಳೆ ಮುದ್ರಣಕ್ಕೆ ಹೋಗಬೇಕು. ಮೊದಲ ಭಾಗ ಸರಣಗಮನ, ಅಂದರೆ ‘ಬುದ್ಧಂ ಸರಣಂ ಗಚ್ಛಾಮಿ’ ಎಂದು ಬುದ್ಧ, ಧಮ್ಮ, ಸಂಘಗಳ ಆಶ್ರಯಕ್ಕೆ ಹೋಗುವುದು; ಅದಕ್ಕೆ ‘ಶರಣಾಗತಿ’, ಐದು ಸಿಕ್ಖಾಪದಗಳಿಗೆ, ಅಂದರೆ ನಡತೆಯ ನೇಮಗಳಿಗೆ, ‘ಪಂಚ ಶಿಕ್ಷೆಗಳು’ ಎಂದು ಹಾಕಿದ್ದೇನೆ. ಎರಡೂ ಒಗ್ಗುತ್ತಿಲ್ಲ. ಬೇಗ ತಿಳಿಸಿದರೆ ಉಪಕಾರ.

ಶಾ.:
‘ಪಂಚ ಶಿಕ್ಷೆ’ ಖಂಡಿತ ಬೇಡ. ಕಲಿಕೆ ಎಂಬ ಅರ್ಥದ ಶಿಕ್ಷೆ ಕನ್ನಡದಲ್ಲಿ ಯಾವತ್ತೋ ಜೈಲು ಸೇರಿದೆ. ‘ಪಂಚಶೀಲ’ ಸಾಕು, 1954ರ ಭಾರತ-ಚೀನಾ ಒಪ್ಪಂದ ನೆನಪಾದರೆ ಆಗಲಿ. ಒಳಗಿನ ಸಾಲುಗಳಲ್ಲಿ ‘ಕೊಲ್ಲಬೇಡ’ ಎಂಬ ವಿಧಿರೂಪವೂ ಬೇಡ. ಪಾಲಿ ಮೂಲ: ‘ಪಾಣಾತಿಪಾತಾ ವೇರಮಣೀ ಸಿಕ್ಖಾಪದಂ ಸಮಾದಿಯಾಮಿ’. ಕ್ರಿಯಾಪದ ಉತ್ತಮಪುರುಷದ್ದು, ಆಜ್ಞೆ ಕೊಡುವವರು ಯಾರೂ ಇಲ್ಲ. ‘ಜೀವ ತೆಗೆಯುವುದರಿಂದ ದೂರವಿರುವ ನೇಮವನ್ನು ಕೈಗೊಳ್ಳುತ್ತೇನೆ’ ಎನ್ನಿ. ಉಳಿದ ನಾಲ್ಕಕ್ಕೂ ಅದೇ ಅಚ್ಚು. ‘ಅದಿನ್ನಾದಾನ’ವನ್ನು ಕಳವು ಎಂದು ಮೊಟಕು ಮಾಡಬೇಡಿ; ಅದು ಕೊಡದ್ದನ್ನು ತೆಗೆದುಕೊಳ್ಳುವುದು, ವ್ಯಾಪ್ತಿ ದೊಡ್ಡದು. ಐದನೆಯದರಲ್ಲಿ ‘ಪಮಾದಟ್ಠಾನ’ವನ್ನು ನುಂಗಿದರೆ ಮದ್ಯ ಏಕೆ ಬೇಡ ಎಂಬುದೇ ಹೋಗುತ್ತದೆ: ಅದು ಮೈಮರೆವಿಗೆ ನೆಲೆ.

ಕೇ.:
ಶರಣಾಗತಿ ಅಂದರೆ ಒಂದೋ ಶ್ರೀವೈಷ್ಣವರು ದೇವರಿಗೆ ತಮ್ಮನ್ನು ಒಪ್ಪಿಸಿಕೊಳ್ಳುವ ಪ್ರಪತ್ತಿ, ಇಲ್ಲವೇ ಪೊಲೀಸರ ಮುಂದೆ ಕೈಯೆತ್ತಿದ ಆರೋಪಿ. ಮನೆಯಲ್ಲೇ ಮಾತಿದೆ: ಮರೆಹೊಗು. ಹಳಗನ್ನಡದ ‘ಮಱೆ’, ಶಕಟರೇಫದ್ದು, ಅಂದರೆ ಹಳೆಯ ಱ ಅಕ್ಷರದ್ದು. ಪತ್ರಿಕೆಯವರ ‘ಕೋರ್ಟ್ ಮೊರೆ’ಗೆ ಇದನ್ನು ಕಟ್ಟಬೇಡಿ, ಮೊರೆಯಲ್ಲಿ ಗೋಳು ಕೇಳಿಸುತ್ತದೆ. ‘ಗಚ್ಛಾಮಿ’ಯ ಚಲನೆ ‘ಹೊಗು’ವಿನಲ್ಲಿ ಉಳಿಯುತ್ತದೆ. ‘ಬುದ್ಧನ ಮರೆಹೊಗುತ್ತೇನೆ.’ ಮುಗಿಯಿತು.

ಶಾ.:
ಮುಗಿಯಲಿಲ್ಲ ರಾಯರೇ. ಇವತ್ತಿನ ಓದುಗನಿಗೆ ಮರೆ ಎಂದರೆ ಅಡಗುವ ಜಾಗ. ಹೊಸಬ ಅಡಗಲು ಬಂದಿಲ್ಲ. ‘ಬುದ್ಧಂ’, ‘ಸರಣಂ’ ಎರಡೂ ದ್ವಿತೀಯಾ ವಿಭಕ್ತಿ. ‘ಬುದ್ಧನಿಗೆ ಶರಣಾಗುತ್ತೇನೆ’ ಎನ್ನುವವರ ಚತುರ್ಥಿ ಎಲ್ಲಿಂದ ಬಂತೋ. ‘ಬುದ್ಧನನ್ನು ಆಸರೆಯಾಗಿ ಹೊಂದುತ್ತೇನೆ.’

ಕೇ.:
ಆಸರೆ ಸಂಸ್ಕೃತದ ‘ಆಶ್ರಯ’ದ ತದ್ಭವ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲಿ.

ಧ.:
ಇಬ್ಬರೂ ಸ್ವಲ್ಪ ತಡೆಯಿರಿ. ಕೈಪಿಡಿ ಹಿಡಿದವರು ಅದನ್ನು ಬಾಯಿಬಿಟ್ಟು ಹೇಳಬೇಕು, ಎಡವುವುದು ಅಲ್ಲೇ. ಥೇರವಾದ ಎಂಬ ಬೌದ್ಧ ಪಂಥದ ರೂಢಿಯಲ್ಲಿ ಭಿಕ್ಷುಗಳಿಗೆ ಕೋರಿಕೆ ಮೊದಲು: ಗುಂಪಾದರೆ ‘ಮಯಂ ಭಂತೇ… ಯಾಚಾಮ’ (ಸ್ವಾಮಿ, ನಾವು ಬೇಡುತ್ತೇವೆ), ಒಬ್ಬರೇ ಆದರೆ ‘ಅಹಂ ಭಂತೇ… ಯಾಚಾಮಿ’ (ಸ್ವಾಮಿ, ನಾನು ಬೇಡುತ್ತೇನೆ). ಅಚ್ಚಾದ ಹಾಳೆಗಳಲ್ಲಿ ಬಹುವಚನವೊಂದೇ ಇರುತ್ತದೆ, ಒಂಟಿಯಾಗಿ ನಿಂತವರು ‘ನಾವು’ ಎನ್ನುತ್ತಾರೆ. ಎರಡನ್ನೂ ಕೊಡಿ. ಆಮೇಲೆ ‘ನಮೋ ತಸ್ಸ’ ಎಂಬ ಬುದ್ಧವಂದನೆ ಮೂರು ಸಲ. ಮೂರು ಸರಣಗಳು ಒಂದು ಸುತ್ತು, ‘ದುತಿಯಂಪಿ’ (ಎರಡನೆಯ ಸಲವೂ) ಸೇರಿಸಿ ಇನ್ನೊಂದು, ‘ತತಿಯಂಪಿ’ (ಮೂರನೆಯ ಸಲವೂ) ಸೇರಿಸಿ ಮತ್ತೊಂದು. ಒಟ್ಟು ಒಂಬತ್ತು ಸಾಲು. ಬುದ್ಧಂ ಸಾಲನ್ನೇ ಮೂರು ಸಲ ಹೇಳಿ ಧಮ್ಮಕ್ಕೆ ಹೋಗುವುದಲ್ಲ. ಭಿಕ್ಷುಗಳು ‘ತಿಸರಣಗಮನಂ ನಿಟ್ಠಿತಂ’ (ಸರಣಗಮನ ಮುಗಿಯಿತು) ಎಂದಾಗ ‘ಆಮ ಭಂತೇ’ (ಹೌದು, ಸ್ವಾಮಿ) ಎನ್ನಬೇಕು, ಶೀಲಗಳು ಅದಾದ ಮೇಲೆ.

‘ಧಮ್ಮಂ ಶರಣಂ’ ಎಂದು ಅಚ್ಚು ಹಾಕಿಸಬೇಡಿ. ಪಾಲಿಯಲ್ಲಿ ಶ ಇಲ್ಲ, ಸಂಸ್ಕೃತದಲ್ಲಿ ಧಮ್ಮ ಇಲ್ಲ. ‘ಸಂಘ’ಕ್ಕೆ ಒಂದು ಸಾಲಿನ ವಿವರಣೆ ಬೇಕೇ ಬೇಕು, ಇಲ್ಲದಿದ್ದರೆ ಸಹಕಾರ ಸಂಘದ ಸದಸ್ಯತ್ವದಂತೆ ಕೇಳಿಸುತ್ತದೆ; ಸರಣ ಹೋಗುವುದು ಅರಿವಿನ ಮೆಟ್ಟಿಲು ಹತ್ತಿದ ಆರ್ಯಸಂಘಕ್ಕೆ. ಇಷ್ಟಾದರೆ ಉಪಾಸಕ ಅಥವಾ ಉಪಾಸಿಕಾ, ಅಂದರೆ ಸಂಸಾರದಲ್ಲೇ ಇರುವ ಅನುಯಾಯಿ, ಭಿಕ್ಷು ಅಲ್ಲ; ತಲೆ ಬೋಳಿಸುವುದಿಲ್ಲ, ಕೆಲಸ ಬಿಡಬೇಕಿಲ್ಲ.

ಸ.ನಾ.:
‘ಧಮ್ಮದೀಕ್ಷೆ’ ಅಂದುಬಿಟ್ಟರೆ?

ಧ.:
ಆ ಮಾತು ಕೇಳಿದ ಕೂಡಲೇ 1956ರ ಅಕ್ಟೋಬರ್ 14, ನಾಗಪುರ, ಬೌದ್ಧಧರ್ಮ ಸ್ವೀಕರಿಸಿದ ಅಂಬೇಡ್ಕರರ 22 ಪ್ರತಿಜ್ಞೆಗಳು ನೆನಪಾಗುತ್ತವೆ. ಕೈಪಿಡಿಯಲ್ಲಿ ಅವು ಇದ್ದರೆ ಅದೇ ಸರಿಯಾದ ಹೆಸರು. ಇಲ್ಲದಿದ್ದರೆ ‘ಸರಣಗಮನ’ವನ್ನೇ ಇಟ್ಟು ಕೆಳಗೆ ಅರ್ಥ ಕೊಡಿ.

ಕೇ.:
ಸಂಸ್ಕೃತ ಬೇಡವೆಂದು ಪಾಲಿಯ ಮನೆಯಲ್ಲಿ ಸಾಲ! ಧಮ್ಮವನ್ನು ಕನ್ನಡ ಆಗಲೇ ಅರಗಿಸಿಕೊಂಡಿದೆ: ‘ದಮ್ಮಯ್ಯ’ದ ದಮ್ಮ ಮತ್ತೇನು? ಹಾಗೆ ಅರಗಿಸಿಕೊಂಡಿದ್ದು ನಮ್ಮದು. ಹಸಿಹಸಿಯಾಗಿ ಎತ್ತಿ ತಂದಿದ್ದು ಎರವಲು.

ಶಾ.:
ಅರಗಿಸಿಕೊಂಡ ‘ಆಸರೆ’ಯನ್ನು ಈಗತಾನೇ ಓಡಿಸಿದವರು ತಾವೇ.

ಸ.ನಾ.:
ಆಯಿತು. ತಲೆಬರಹ ‘ತ್ರಿಸರಣ, ಪಂಚಶೀಲ’. ಒಳಗೆ ಪಾಲಿ ಸಾಲುಗಳು, ಪಕ್ಕದಲ್ಲಿ ‘ಆಸರೆಯಾಗಿ ಹೊಂದುತ್ತೇನೆ’. ಎಲ್ಲರಿಗೂ ವಂದನೆ.

ಧ.:
‘ತ್ರಿಸರಣ’ವೂ ಬೆರಕೆ: ತ್ರಿ ಸಂಸ್ಕೃತ, ಸರಣ ಪಾಲಿ. ‘ತಿಸರಣ’ ಅನ್ನಿ, ಇಲ್ಲವೇ ‘ತ್ರಿಶರಣ’. ಅಚ್ಚಿಗೆ ಹೋಗುವ ಮೊದಲು ತಿದ್ದಿ.