7ನೇ ದಿನದ ಫ್ಲಶ್‌ನಲ್ಲಿ ಸಿಕ್ಕಿದ್ದು ಮಾರುಲಾನಾ, ಫಲಿಸದ ಮೊಟ್ಟೆನಾ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ರಿಸರ್ಚ್‌ಗೋಸ್ಕರ ಹಸುಗಳಿಗೆ ಎಫ್‌ಎಸ್‌ಎಚ್ ಹಾರ್ಮೋನ್ ಕೊಟ್ಟು ಸೂಪರ್‌ಓವ್ಯುಲೇಶನ್ (ಒಂದೇ ಸಲ ತುಂಬಾ ಮೊಟ್ಟೆ ಬಿಡೋ ಹಾಗೆ) ಮಾಡ್ಸಿ, ಎಐ (ಕೃತಕ ಗರ್ಭಧಾರಣೆ) ಆಗಿ 7ನೇ ದಿನಕ್ಕೆ ಫ್ಲಶ್ ಮಾಡ್ತಿದೀವಿ, ಅಂದ್ರೆ ಗರ್ಭಕೋಶಕ್ಕೆ ದ್ರವ ಬಿಟ್ಟು ಭ್ರೂಣಗಳನ್ನ ಹೊರಗೆ ತೆಗೀತಿದೀವಿ. ಮೈಕ್ರೋಸ್ಕೋಪಲ್ಲಿ ಕೆಲವು ದುಂಡಗೆ ತುಂಬಾ ನೀಟಾಗಿ ಕಾಣ್ತವೆ, ಇನ್ನು ಕೆಲವು ಒಂಥರಾ ಉಬ್ಬುತಗ್ಗು. ನೀಟಾಗಿರೋದನ್ನ ಗ್ರೇಡ್ 1 ಮಾರುಲಾ (ಕೋಶಗಳ ಉಂಡೆ ಥರ ಇರೋ ಎಳೆ ಭ್ರೂಣ) ಅಂತ ಬರ್ಕೋಬಹುದಾ? ಇನ್ನೊಂದು, ಸ್ಕ್ಯಾನಲ್ಲಿ ಕಾಣೋ ಸಿಎಲ್‌ಗಿಂತ (ಕಾರ್ಪಸ್ ಲೂಟಿಯಂ, ಮೊಟ್ಟೆ ಬಿಟ್ಟ ಜಾಗದಲ್ಲಿ ಅಂಡಾಶಯದ ಮೇಲೆ ಬೆಳೆಯೋ ಗಂಟು) ಕೈಗೆ ಸಿಗೋದು ತುಂಬಾ ಕಮ್ಮಿ, ಉಳಿದವು ಎಲ್ಲಿ ಹೋಗ್ತವೆ?

ಉತ್ತರ 1:
ಬೇಡ, ಅಷ್ಟು ನೀಟಾಗಿದ್ರೆ ಮೊದ್ಲು ಅನುಮಾನ ಪಡಿ. ಫಲಿಸದ ಮೊಟ್ಟೆ ಒಳಗೆ ಒಂದೇ ಉಂಡೆ ಇರುತ್ತೆ, ಅಂಚು ಕಂಪಾಸಲ್ಲಿ ಗೆರೆ ಎಳ್ದಂಗೆ. ಮಾರುಲಾ ಅಂಚು ಕೋಶಗಳಿಂದ ಸ್ವಲ್ಪ ಉಬ್ಬುತಗ್ಗಾಗೇ ಇರುತ್ತೆ, ಕಾಂಪ್ಯಾಕ್ಟ್ ಆದ್ಮೇಲೆ (ಕೋಶಗಳು ಒತ್ತಾಗಿ ಸೇರ್ಕೊಂಡ್ಮೇಲೆ) ಝೋನಾ ಅನ್ನೋ ಹೊರಪದರದ ಒಳಗಿನ ಜಾಗದಲ್ಲಿ ಸುಮಾರು 60-70% ಮಾತ್ರ ತುಂಬಿರುತ್ತೆ. ಒಂದೇ ಕಡೆಯಿಂದ ನೋಡಿ ತೀರ್ಮಾನ ಮಾಡ್ಬೇಡಿ, ಪಿಪೆಟ್‌ನಿಂದ ಪಕ್ಕದಲ್ಲಿ ಮೆಲ್ಲಗೆ ಮೀಡಿಯಂ ಬಿಟ್ಟು ಉರುಳ್ಸಿ, 50ರಿಂದ 100 ಪಟ್ಟು ಮ್ಯಾಗ್ನಿಫಿಕೇಶನ್ನಲ್ಲಿ ಎಲ್ಲಾ ಮಗ್ಗುಲೂ ನೋಡಿ.

ಉತ್ತರ 2:
ಸಿಎಲ್ ವಿಷ್ಯಕ್ಕೆ ಬರ್ತೀನಿ. ಸೂಪರ್‌ಓವ್ಯುಲೇಶನ್ ಆದಾಗ ಅಂಡಾಶಯ ಊದಿರುತ್ತೆ, ಎಲ್ಲಾ ಮೊಟ್ಟೆನೂ ಅಂಡನಾಳದೊಳಗೆ ಹೋಗ್ದೇ ಇರಬಹುದು, ಹಾಗಾಗಿ ಲೆಕ್ಕ ಪೂರ್ತಿ ಟ್ಯಾಲಿ ಆಗೋದು ಕಷ್ಟ. ಆದ್ರೆ ಟೆಕ್ನಿಕ್ಕಲ್ಲೂ ಕಳ್ಕೋತೀವಿ, 7ನೇ ದಿನ ಭ್ರೂಣಗಳು ಗರ್ಭಕೋಶದ ಕೊಂಬಿನ ತುದಿ ಕಡೆನೇ ಇರ್ತವೆ, ತುದಿವರೆಗೂ ದ್ರವ ತುಂಬ್ದೇ ವಾಪಸ್ ಬಿಟ್ರೆ ಅವು ಕದಲೋದೇ ಇಲ್ಲ. ಗುದದೊಳಗಿನ ಕೈಯಲ್ಲಿ ಕೊಂಬನ್ನ ಎತ್ತಿ ಹಿಡ್ದು, ತುಂಬಿರೋದು ಬೆರಳಿಗೆ ಗೊತ್ತಾದ್ಮೇಲೆ ಮೆಲ್ಲಗೆ ನೀವಿ ಇಳಿಸಿ. ಒಳಗೆ ಎಷ್ಟು ಹೋಯ್ತು, ಹೊರಗೆ ಎಷ್ಟು ಬಂತು ಅಳೆದು ಬರ್ಕೊಳ್ಳಿ, ಕೊನೆಗೆ ಫಿಲ್ಟರ್ ಜಾಲರಿನ ಚೆನ್ನಾಗಿ ತೊಳೆದು ಆ ನೀರನ್ನೂ ನೋಡಿ. ಫ್ಲಶ್ ಆದ್ಮೇಲೆ ಪ್ರೊಸ್ಟಗ್ಲಾಂಡಿನ್ (ಸಿಎಲ್ ಕರಗ್ಸಿ ಗರ್ಭ ನಿಲ್ಲದ ಹಾಗೆ ಮಾಡೋ ಇಂಜೆಕ್ಷನ್) ಕೊಡೋದು ಮರೀಬೇಡಿ, ಒಳಗೆ ಉಳಿದಿರೋದು ಅವಳಿ ತ್ರಿವಳಿ ಗರ್ಭ ಆದ್ರೆ ಹಸುಗೇ ಕಷ್ಟ.

ಉತ್ತರ 3:
ಇಬ್ರೂ ಹೇಳಿದ್ದು ಸರಿ. ಬರ್ಕೊಳ್ಳೋವಾಗ ಸ್ಟೇಜು, ಗ್ರೇಡು ಬೇರೆ ಬೇರೆ ಇಡಿ, ಐಇಟಿಎಸ್ (ಭ್ರೂಣ ತಂತ್ರಜ್ಞಾನದ ಅಂತರರಾಷ್ಟ್ರೀಯ ಸಂಸ್ಥೆ) ಕೋಡಲ್ಲಿ ಕಾಂಪ್ಯಾಕ್ಟ್ ಮಾರುಲಾ 4, ಗ್ರೇಡ್ 1 ಅಂದ್ರೆ ಕೋಶರಾಶಿ ಕನಿಷ್ಠ 85% ಸರಿಯಿರ್ಬೇಕು, 2ಕ್ಕೆ 50%. ಆದ್ರೆ 7ನೇ ದಿನಕ್ಕೆ 8 ಅಥವಾ 16 ಕೋಶದಲ್ಲೇ ನಿಂತಿದ್ರೆ ಎಷ್ಟೇ ಚೆನ್ನಾಗಿ ಕಂಡ್ರೂ ಅದು ಬೆಳವಣಿಗೆ ನಿಂತ ಭ್ರೂಣ, ಅದನ್ನ ಫಲಿಸದ ಮೊಟ್ಟೆ ಜೊತೆ ಒಂದೇ ಕಾಲಮ್ಮಿಗೆ ದಯವಿಟ್ಟು ಸೇರಿಸ್ಬೇಡಿ. ಫಲಿಸದವೇ ಜಾಸ್ತಿ ಇದ್ರೆ ವೀರ್ಯ, ಎಐ ಟೈಮಿಂಗ್ ಕಡೆ ನೋಡ್ಬೇಕು, ಫಲಿಸಿ ನಿಂತೋಗಿದ್ರೆ ಹುಡುಕೋ ಜಾಗನೇ ಬೇರೆ. ಸಾಧ್ಯ ಆದ್ರೆ ಡೋನರ್ ನಂಬರ್ (ಯಾವ ಹಸುದು ಅನ್ನೋದು) ಗೊತ್ತಿಲ್ಲದ ಇನ್ನೊಬ್ರ ಹತ್ರನೂ ಗ್ರೇಡ್ ಮಾಡ್ಸಿ, 1ಕ್ಕೂ 2ಕ್ಕೂ ಮಧ್ಯೆ ಕಣ್ಣು ಕಣ್ಣಿಗೂ ವ್ಯತ್ಯಾಸ ಬರುತ್ತೆ.