ಕೊಟ್ಟಿಗೆಯಲ್ಲಿ ನಿಂತಿರುವ ಪದ್ಮಿನಿ: ಕೊಳ್ಳಬಹುದೇ?

ತೀರ್ಥಹಳ್ಳಿಯಿಂದ ಪ್ರಶ್ನೆ

ನಮ್ಮೂರಿನ ತೋಟದ ಮನೆಯೊಂದರ ಕೊಟ್ಟಿಗೆಯಲ್ಲಿ 1978ರ ಪ್ರೀಮಿಯರ್ ಪದ್ಮಿನಿ ಕಾರು ಹನ್ನೆರಡು ಮಳೆಗಾಲದಿಂದ ಟಾರ್ಪಾಲು ಹೊದ್ದು ನಿಂತಿದೆ. ಯಜಮಾನರು ತೀರಿಕೊಂಡಿದ್ದಾರೆ. ಮಕ್ಕಳು 90,000 ರೂಪಾಯಿ ಹೇಳುತ್ತಿದ್ದಾರೆ. ಎಂಜಿನ್ ಕೈಯಲ್ಲಿ ತಿರುಗಿಸಿದರೆ ತಿರುಗುತ್ತದೆ. ಬಾಗಿಲುಗಳ ಕೆಳಗೆ, ಚಕ್ರಗಳ ಮೇಲೆ ತುಕ್ಕು ಕಾಣುತ್ತದೆ. ದುರಸ್ತಿಗೆಂದು ಎರಡೂವರೆ ಲಕ್ಷ ತೆಗೆದಿಟ್ಟಿದ್ದೇನೆ. ವಾರಕ್ಕೊಮ್ಮೆ ಶಿವಮೊಗ್ಗಕ್ಕೆ ಹೋಗಿಬರುವಂತಾದರೆ ನನಗೆ ಸಾಕು. ಇಂಥ ಕಾರು ಮಾಡಿಸಿದವರು ದಯವಿಟ್ಟು ನಿಜವಾದ ಲೆಕ್ಕ ಹೇಳಿ.

ಮೈಸೂರಿನಿಂದ

1982ರ ಪದ್ಮಿನಿಯೊಂದನ್ನು ಕೊಂಡು ಎರಡು ವರ್ಷ ಅದರ ಹಿಂದೆ ಓಡಾಡಿದವನು ನಾನು. ಲೆಕ್ಕದ ಪುಸ್ತಕ ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ. ಕಾರಿಗೆ 65,000. ಹೊತ್ತು ತಂದ ಲಾರಿಗೆ 7,500. ಎಂಜಿನ್ ಪೂರ್ತಿ ಬಿಚ್ಚಿ, ಬೋರ್ ಮಾಡಿಸಿ, ಪಿಸ್ಟನ್, ಬೇರಿಂಗ್, ಕಾರ್ಬ್ಯುರೇಟರ್ ಎಲ್ಲ ಸೇರಿ 58,000. ಬ್ರೇಕ್ ಮತ್ತು ಸಸ್ಪೆನ್ಷನ್ 31,000. ವೈರಿಂಗ್ 14,000. ಟೈರು, ಬ್ಯಾಟರಿ 22,000. ಸೀಟು ಹೊಲಿಸಿದ್ದು 30,000. ಬಂಪರುಗಳ ಕ್ರೋಮ್ 16,500. ಬಣ್ಣಕ್ಕೆ 90,000. ಟಿಂಕರಿಂಗ್‌ಗೆ, ಅಂದರೆ ತಗಡಿನ ಕೆಲಸಕ್ಕೆ, ಮೊದಲು ಹೇಳಿದ್ದು 45,000, ಕೊನೆಗೆ ಕೊಟ್ಟದ್ದು 1,62,000. ಎಲ್ಲ ಕೂಡಿದರೆ 4,96,000.

ಎಂಜಿನ್ ಕೆಲಸದಲ್ಲಿ ಹೇಳಿದ ಹಣಕ್ಕೂ ಕೊಟ್ಟ ಹಣಕ್ಕೂ ಇದ್ದ ಅಂತರ ಮೂರು ಸಾವಿರ ಮಾತ್ರ. ತಗಡಿನ ಕೆಲಸದಲ್ಲಿ ಕೊಟ್ಟದ್ದು ಹೇಳಿದ್ದರ ಮೂರೂವರೆ ಪಟ್ಟನ್ನೂ ಮೀರಿತು. ಇದನ್ನು ನೀವು ಚೆನ್ನಾಗಿ ಗಮನಿಸಬೇಕು. ಆ 1089 ಸಿಸಿ ಎಂಜಿನ್ ಬಹಳ ಸರಳವಾದದ್ದು. ಮುಂಬೈಯ ಟ್ಯಾಕ್ಸಿಗಳಲ್ಲಿ ದಶಕಗಳ ಕಾಲ ದುಡಿದದ್ದು. ಬಿಚ್ಚಿದರೆ ಸವೆದದ್ದೆಲ್ಲ ಕಣ್ಣಿಗೆ ಬೀಳುತ್ತದೆ, ಅಳೆದು ಬೆಲೆ ಹೇಳಬಹುದು. ಅದರ ಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಸುತ್ತಿದೆ, ಎಲ್ಲವೂ ಸಿಕ್ಕವು. ತುಕ್ಕು ಹಾಗಲ್ಲ, ಕೆರೆದಷ್ಟೂ ಹೊರಬರುತ್ತದೆ. ಪದ್ಮಿನಿಗೆ ಬೇರೆ ಚಾಸಿ, ಅಂದರೆ ಅಡಿಯ ಚೌಕಟ್ಟು, ಇಲ್ಲ. ಫಿಯೆಟ್ 1100ರಿಂದ ಬಂದ ರಚನೆ ಅದು, ಬಾಡಿಯೇ ಎಲ್ಲ ಭಾರವನ್ನೂ ಹೊರುತ್ತದೆ. ಬೇರೆ ಚಾಸಿಯಿರುವ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಾಗಿದ್ದರೆ ಬೋಲ್ಟ್ ಬಿಚ್ಚಿ ಬಾಡಿಯನ್ನೇ ಎತ್ತಿ ಪಕ್ಕಕ್ಕಿಡಬಹುದಿತ್ತು. ಇಲ್ಲಿ ನೆಲದ ತಗಡು ಮತ್ತು ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಸಿಲ್ ಹೋದರೆ ಕಾರೇ ನಡುವಿನಲ್ಲಿ ಬಾಗುತ್ತದೆ.

ನನ್ನ ಕಾರಿನಲ್ಲಿ ಆದದ್ದನ್ನು ಹೇಳುತ್ತೇನೆ. ಹೊರಗಿನಿಂದ ನೋಡಿದರೆ ಅಲ್ಲಲ್ಲಿ ಗುಳ್ಳೆ ಎದ್ದಿತ್ತು, ಅಷ್ಟೇ. ಶೆಡ್ಡಿನಲ್ಲಿ ಮೇಸ್ತ್ರಿ ಚಾಲಕನ ಕಾಲ ಕೆಳಗಿನ ಮ್ಯಾಟ್ ಎತ್ತಿದರು. ಕೆಳಗೆ ಡಾಂಬರಿನ ಪದರ. ಅದನ್ನು ಕೆರೆದಾಗ ರಿವೆಟ್ ಹೊಡೆದ ಒಂದು ತೇಪೆ ಕಂಡಿತು. ಅದು ಎಣ್ಣೆ ಡಬ್ಬದ ತಗಡು. ಮೇಲೆ ಅಚ್ಚಾಗಿದ್ದ ಕಡಲೆಕಾಯಿಯ ಚಿತ್ರ ಕೂಡ ಅಳಿಸಿರಲಿಲ್ಲ. ಪಕ್ಕದ ಸಿಲ್‌ಗೆ ಅವರು ಸ್ಕ್ರೂಡ್ರೈವರ್ ಇಟ್ಟು ಒತ್ತಿದರು. ಹಿಡಿಯವರೆಗೂ ಇಳಿಯಿತು. ಅವರೇನೂ ಮಾತನಾಡಲಿಲ್ಲ, ನನ್ನ ಮುಖ ನೋಡಿದರು. ಆಗ ಕಾರಿನ ಹಣ ಕೊಟ್ಟು ಐದು ವಾರವಾಗಿತ್ತು.

ಅದಕ್ಕೇ ಹೇಳುವುದು, ನೀವು ಹಣ ಕೊಡುವ ಮೊದಲೇ ಆ ಸ್ಕ್ರೂಡ್ರೈವರ್ ಒತ್ತಿ ನೋಡಿ. ತೆಳುಬಟ್ಟೆ ಸುತ್ತಿದ ಅಯಸ್ಕಾಂತ, ಟಾರ್ಚು, ಜಾಕ್ ಕೂಡ ಒಯ್ಯಿರಿ. ದಪ್ಪಗೆ ಪುಟ್ಟಿ ತುಂಬಿದ ಕಡೆ ಅಯಸ್ಕಾಂತ ಹಿಡಿಯುವುದಿಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಅದರ ಕೆಳಗಿನ ತಗಡು ನೋಡಿ. ಹಿಂದಿನ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಯ ಸ್ಪ್ರಿಂಗ್) ಬಾಡಿಗೆ ತಗಲುವ ಜಾಗವನ್ನು ಕೆರೆದು ನೋಡಿ, ಅಲ್ಲಿ ಟೊಳ್ಳಾಗಿದ್ದರೆ ಓಡಿಸುವುದೇ ಅಪಾಯ. ಕೊನೆಯಲ್ಲಿ ಒಂದು ಪಕ್ಕವನ್ನು ಜಾಕ್‌ನಿಂದ ನಿಧಾನವಾಗಿ ಎತ್ತಿ ಬಾಗಿಲು ತೆರೆದು ಮುಚ್ಚಿ. ನೆಲದ ಮೇಲೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಎತ್ತಿದಾಗ ಕಚ್ಚಿದರೆ, ಒಳಗಿನ ಗಟ್ಟಿತನ ಹೋಗಿದೆ ಎಂದೇ ಅರ್ಥ. ಬರೀ ಜಾಕ್ ನಂಬಿ ಮಾತ್ರ ಕಾರಿನ ಕೆಳಗೆ ಮಲಗಬೇಡಿ.

ಸಿಲ್ ಗಟ್ಟಿಯಿದ್ದರೆ, ಕ್ರೋಮ್ ಮತ್ತು ಸೀಟನ್ನು ಮುಂದೂಡಿದರೆ ನಿಮ್ಮ ಎರಡೂವರೆ ಲಕ್ಷ ಸಾಕಾಗಬಹುದು. ಹೋಗಿದ್ದರೆ ನಾಲ್ಕಕ್ಕಿಂತ ಕಡಿಮೆಯಲ್ಲಿ ಮುಗಿಯದು. ಅಷ್ಟು ಹಾಕಿದ ನನ್ನ ಕಾರಿಗೆ ಮೂರು ಲಕ್ಷಕ್ಕಿಂತ ಹೆಚ್ಚು ಕೇಳಿದವರಿಲ್ಲ. ನನಗೆ ಮಾರುವ ಮನಸ್ಸೂ ಇಲ್ಲ, ಅದು ಬೇರೆ ಮಾತು. ಎಂಜಿನ್ ಕೆಟ್ಟು ತಗಡು ಚೆನ್ನಾಗಿರುವ ಪದ್ಮಿನಿ ಇದೇ ಬೆಲೆಗೆ ಸಿಕ್ಕರೆ ಕಣ್ಣುಮುಚ್ಚಿ ಅದನ್ನೇ ಕೊಳ್ಳಿ.

ಉಡುಪಿಯಿಂದ

ಕೊಟ್ಟಿಗೆ ಎಂದಿದ್ದೀರಿ. ದನ ಕಟ್ಟುವ ಕೊಟ್ಟಿಗೆಯೇ? ಮಣ್ಣಿನ ನೆಲವೇ? ಹಾಗಿದ್ದರೆ ಮೇಲಿಗಿಂತ ಕೆಳಗೆ ಹತ್ತು ಪಟ್ಟು ಕೆಟ್ಟಿರುತ್ತದೆ. ಗಂಜಲದ ತೇವವೂ ನೆಲದ ತೇವವೂ ಸೇರಿ ತಗಡನ್ನು ಅಡಿಯಿಂದ ತಿನ್ನುತ್ತವೆ. ಟಾರ್ಪಾಲನ್ನು ಇವತ್ತೇ ತೆಗೆಸಿ, ಕಾರು ಯಾರದಾದರೂ ಆಗಲಿ. ಅದು ಮಳೆಯನ್ನು ತಡೆಯುವುದಕ್ಕಿಂತ ಹೆಚ್ಚಾಗಿ ಒಳಗಿನ ಬೆವರನ್ನು ಹಿಡಿದಿಡುತ್ತದೆ.

ನಾವು ಕಡಲತೀರದವರು ಪೆಟ್ಟು ತಿಂದು ಕಲಿತ ಇನ್ನೊಂದು ವಿಷಯವಿದೆ. ಮರಳು ಹೊಡೆಸಿ ಬೆಳ್ಳಗೆ ಮಾಡಿದ ತಗಡಿಗೆ ಅದೇ ದಿನ ಪ್ರೈಮರ್, ಅಂದರೆ ಬಣ್ಣದ ಕೆಳಗಿನ ಮೊದಲ ಲೇಪ, ಬೀಳಬೇಕು. ನಮ್ಮ ಅಂಬಾಸಿಡರ್‌ನ ಬಾಗಿಲುಗಳನ್ನು ಜೂನ್ ತಿಂಗಳಲ್ಲಿ ಒಂದು ರಾತ್ರಿ ಹಾಗೇ ಬಿಟ್ಟಿದ್ದರು. ಬೆಳಿಗ್ಗೆ ನೋಡಿದರೆ ಅರಿಶಿನ ಸವರಿದ ಹಾಗೆ ಹಳದಿ. ಮತ್ತೆ ಹೊಡೆಸಬೇಕಾಯಿತು. ತೀರ್ಥಹಳ್ಳಿಯ ಮಳೆಯಲ್ಲಿ ತಗಡಿನ ಕೆಲಸ ಬೇಡವೇ ಬೇಡ, ದೀಪಾವಳಿ ಕಳೆದ ಮೇಲೆ ಶುರು ಮಾಡಿಸಿ.

ದಾವಣಗೆರೆಯಿಂದ

ತುಕ್ಕಿನ ವಿಷಯ ಎಲ್ಲರೂ ಹೇಳಿದರು, ಕಾಗದದ ಮಾತು ಯಾರೂ ಎತ್ತಲಿಲ್ಲ. ಯಜಮಾನರು ತೀರಿಕೊಂಡಿದ್ದರೆ ಮೊದಲು ಸಾರಿಗೆ ಕಚೇರಿಯ ನಮೂನೆ 31ರಲ್ಲಿ ವಾರಸುದಾರರ ಹೆಸರಿಗೆ ಆರ್‌ಸಿ (ನೋಂದಣಿ ಪತ್ರ) ಬರಬೇಕು, ಆಮೇಲೆ ನಮೂನೆ 29 ಮತ್ತು 30ರಲ್ಲಿ ನಿಮ್ಮ ಹೆಸರಿಗೆ. ನಮ್ಮ ಚಿಕ್ಕಪ್ಪ ಇದನ್ನು ನೋಡದೆ ಹಣ ಕೊಟ್ಟುಬಿಟ್ಟರು. ವಾರಸುದಾರರಲ್ಲಿ ಒಬ್ಬರು ದುಬೈಯಲ್ಲಿದ್ದರು. ಒಂದು ಸಹಿಗಾಗಿ ಕಾರು ಹದಿನಾಲ್ಕು ತಿಂಗಳು ಅಂಗಳದಲ್ಲಿ ನಿಂತಿತು.

ಖಾಸಗಿ ಕಾರಿನ ನೋಂದಣಿ 15 ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಣವಾಗಬೇಕು, ಕಾರು ತಪಾಸಣೆಯಲ್ಲಿ ಪಾಸಾಗಬೇಕು. 20 ವರ್ಷ ದಾಟಿದ ಕಾರುಗಳಿಗೆ ಈ ಶುಲ್ಕ 2025ರ ಆಗಸ್ಟ್‌ನಲ್ಲಿ 5,000ದಿಂದ 10,000 ರೂಪಾಯಿಗೆ ಏರಿದೆ, ತೆರಿಗೆ ಬೇರೆ. 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮ ನೆಚ್ಚಿಕೊಳ್ಳಬೇಡಿ. ಅದಕ್ಕೆ 50 ವರ್ಷ ದಾಟಿರಬೇಕು, ನಿಮ್ಮದಕ್ಕೆ 2028 ಆಗಬೇಕು. ಅದೂ ಅಲ್ಲದೆ ಆ ನೋಂದಣಿಯಲ್ಲಿ ನಿತ್ಯದ ಓಡಾಟಕ್ಕೆ ಅವಕಾಶವಿಲ್ಲ, ನಿಮ್ಮ ವಾರದ ಶಿವಮೊಗ್ಗಕ್ಕೆ ಅದು ಆಗದು. ಕಾರಿನ ಮೇಲೆ ಅಚ್ಚೊತ್ತಿರುವ ಗುರುತಿನ ಸಂಖ್ಯೆಗೆ ಚಾಸಿ ನಂಬರು ಎನ್ನುತ್ತಾರೆ, ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಆರ್‌ಸಿಯ ಜೊತೆ ಒಂದೊಂದೇ ಅಂಕಿ ಹೋಲಿಸಿ ನೋಡಿ. ತುಕ್ಕು ಅಂಕಿಯನ್ನೇ ತಿಂದಿದ್ದರೆ ತಪಾಸಣೆಯಲ್ಲಿ ಕಷ್ಟವಾಗುತ್ತದೆ.

ತೀರ್ಥಹಳ್ಳಿಯಿಂದ ಮತ್ತೆ

ಎಲ್ಲರಿಗೂ ನಮಸ್ಕಾರ. ಭಾನುವಾರ ನಮ್ಮೂರಿನ ವೆಲ್ಡಿಂಗ್ ಅಂಗಡಿಯವರನ್ನು ಕರೆದುಕೊಂಡು ಹೋಗಿದ್ದೆ. ಹೌದು, ದನದ ಕೊಟ್ಟಿಗೆಯೇ, ಮಣ್ಣಿನ ನೆಲವೇ. ಬಲಗಡೆಯ ಸಿಲ್ ಗಟ್ಟಿಯಿದೆ, ಸ್ಕ್ರೂಡ್ರೈವರ್ ಟಣ್ ಎಂದಿತು. ಎಡಗಡೆ ಎರಡು ಕಡೆ ಇಳಿಯಿತು. ಆ ಪಕ್ಕ ಎತ್ತಿದಾಗ ಹಿಂದಿನ ಬಾಗಿಲು ಕಚ್ಚಿತು. ಮ್ಯಾಟ್ ಕೆಳಗೆ ಅಡಿಕೆ ಸಿಪ್ಪೆಯ ಪದರವೇ ಇತ್ತು, ಹಿಡಿದರೆ ಕೈ ಒದ್ದೆಯಾಗುತ್ತಿತ್ತು. ಲೀಫ್ ಸ್ಪ್ರಿಂಗ್ ತಗಲುವ ಜಾಗ ಎರಡೂ ಕಡೆ ಚೆನ್ನಾಗಿದೆ. ಚಾಸಿ ನಂಬರಿನ ಅಚ್ಚು ಸ್ಪಷ್ಟವಾಗಿ ಬಂತು, ಆರ್‌ಸಿಗೆ ಹೊಂದುತ್ತದೆ. ನವೀಕರಣ 2013ಕ್ಕೇ ಮುಗಿದಿದೆ.

ಎಡಗಡೆಯ ಸಿಲ್ ಮತ್ತು ನೆಲಕ್ಕೇ ಒಂದು ಲಕ್ಷದ ಮೇಲಾಗುತ್ತದೆ ಎಂದು ವೆಲ್ಡಿಂಗ್‌ನವರು ಮಕ್ಕಳ ಎದುರಿಗೇ ಹೇಳಿದರು. ನಾನು 30,000 ಕೊಡುತ್ತೇನೆ, ವಾರಸಾ ವರ್ಗಾವಣೆ ನೀವೇ ಮಾಡಿಸಿಕೊಡಿ ಎಂದೆ. ಹಿರಿಯ ಮಗ ಹೊಸನಗರದಲ್ಲಿರುವ ಅಕ್ಕನನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ. ಟಾರ್ಪಾಲು ತೆಗೆಸಿದ್ದೇನೆ. ಸಿಪ್ಪೆಯನ್ನೆಲ್ಲ ಬಾಚಿ ತೆಗೆದು, ನಾಲ್ಕೂ ಬಾಗಿಲು ತೆರೆದಿಟ್ಟು ಬಂದಿದ್ದೇನೆ.