ಸಿಂಪ್ಸನ್ಸ್ ಕ್ವಿಜ್ ಆಡಿದರೆ ಸ್ಪ್ಯಾನಿಷ್ ಬರುತ್ತಾ?

ರಾತ್ರಿಪಾಠ:
ನಾಲ್ಕು ತಿಂಗಳಿಂದ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಪುಸ್ತಕ ಮುಚ್ಚಿಟ್ಟು ಈಗ 'ದಿ ಸಿಂಪ್ಸನ್ಸ್' ಅನ್ನೋ ಅಮೆರಿಕದ ಕಾರ್ಟೂನ್ ಧಾರಾವಾಹಿ ಬಗ್ಗೆ ಸ್ಪ್ಯಾನಿಷ್‌ನಲ್ಲೇ ಇರುವ ಕ್ವಿಜ್ ಆಡುತ್ತೇನೆ. ಆ ಧಾರಾವಾಹಿ ನನಗೆ ಬಾಯಿಪಾಠ. ಹಾಗಾಗಿ ಗೊತ್ತಿಲ್ಲದ ಪದ ಬಂದರೂ ಅರ್ಥ ಹೊಳೆಯುತ್ತದೆ. 'ಕೆ ಇನ್‌ಸ್ತ್ರುಮೆಂತೊ ತೊಕಾ ಲೀಸಾ?' ಅಂತ ಒಂದು ಪ್ರಶ್ನೆ. ಆ ಮನೆಯ ಮಗಳು ಲೀಸಾ ನುಡಿಸುವುದು ಸ್ಯಾಕ್ಸೊಫೋನ್ ಅಂತ ಎಲ್ಲರಿಗೂ ಗೊತ್ತು. 'ತೊಕಾರ್' ಅಂದರೆ ಮುಟ್ಟು ಅಂತಷ್ಟೇ ಓದಿದ್ದೆ. ನುಡಿಸು ಅಂತಲೂ ಆಗುತ್ತೆ ಅಂತ ಅವತ್ತು ತಿಳಿಯಿತು, ನಿಘಂಟು ಮುಟ್ಟದೆ. ಅವಳಪ್ಪ ಓಮೆರೊ ಮನೆಯವರಿಂದ ಕಲಿತಷ್ಟು ಪುಸ್ತಕದಿಂದ ಕಲಿತಿಲ್ಲ.

ವ್ಯಾಕರಣಪ್ರಿಯ:
"ಅರ್ಥ ಹೊಳೆಯುತ್ತದೆ" ಅಂದಿರಿ. ನಿಮಗೆ ಹೊಳೆದದ್ದು ಉತ್ತರ, ಅರ್ಥ ಅಲ್ಲ. ಲೀಸಾ ಹೆಸರು ಕಂಡಿತು, ನಾಲ್ಕು ಆಯ್ಕೆಯಲ್ಲಿ ಸ್ಯಾಕ್ಸೊಫೋನ್ ಕಂಡಿತು, ಒತ್ತಿದಿರಿ. ನಡುವಿನ ಪದ ಯಾವುದಿದ್ದರೂ ಅದನ್ನೇ ಒತ್ತುತ್ತಿದ್ದಿರಿ. ಇದನ್ನು ನೋಡಿ: 'ಲೀಸಾ ಎಸ್ ಲಿಸ್ತಾ' ಅಂದರೆ ಲೀಸಾ ಜಾಣೆ. 'ಲೀಸಾ ಎಸ್ತಾ ಲಿಸ್ತಾ' ಅಂದರೆ ಲೀಸಾ ತಯಾರಾಗಿದ್ದಾಳೆ. ಈ ವ್ಯತ್ಯಾಸ ಯಾವ ಕ್ವಿಜ್ ಹೇಳಿಕೊಡುತ್ತದೆ?

ಮೂರನೇಬೆಂಚು:
ಗುರೂ, ನಿಮ್ಮ ಉದಾಹರಣೆಯೇ ನಿಮಗೆ ಉಲ್ಟಾ ಹೊಡೆಯಿತು. ಜಾಣತನ ಲೀಸಾಳ ಸ್ವಭಾವ, ಅದಕ್ಕೇ 'ಎಸ್'. ತಯಾರಾಗಿರೋದು ಸ್ವಲ್ಪ ಹೊತ್ತು, ಅದಕ್ಕೆ 'ಎಸ್ತಾ'. ಅವಳು ಗೊತ್ತಿದ್ದರೆ ಒಂದೇ ಸಲಕ್ಕೆ ತಲೆಗೆ ಹೋಗುತ್ತೆ. ಪುಸ್ತಕದಲ್ಲಿ ಬರುವ ಯಾರೋ ಮರಿಯಾ ಜಾಣೆಯೋ ದಡ್ಡಿಯೋ, ನನಗೇನು ಗೊತ್ತು?

ವ್ಯಾಕರಣಪ್ರಿಯ:
"ಸ್ವಲ್ಪ ಹೊತ್ತು" ಅಂತೆ! ಸತ್ತವನಿಗೆ 'ಎಸ್ತಾ ಮುಯೆರ್ತೊ' ಅನ್ನುತ್ತಾರೆ. ಸಾವು ಸ್ವಲ್ಪ ಹೊತ್ತಿನದಾ? ಅರ್ಧ ನಿಯಮ ಹಿಡಿದುಕೊಂಡರೆ ಹೀಗೇ ಆಗೋದು.

ಹಳೇಕಿಟಕಿ:
ಓಮೆರೊ ಅಂತ ಯಾಕೆ ಬರೆದಿರಿ? ಸ್ಪೇನಿನ ಡಬ್ಬಿಂಗ್‌ನಲ್ಲಿ ಅವನ ಹೆಸರು ಹೋಮರ್ ಅಂತಲೇ ಇದೆ. ಕಲಿಯುವುದಾದರೆ ಅಸಲಿ ಸ್ಪ್ಯಾನಿಷ್ ಕಲಿಯಿರಿ.

ಮೂರನೇಬೆಂಚು:
"ಅಸಲಿ"? ಮೆಕ್ಸಿಕೊ ಒಂದರಲ್ಲೇ 12 ಕೋಟಿಗೂ ಜಾಸ್ತಿ ಜನ ಸ್ಪ್ಯಾನಿಷ್ ಆಡುತ್ತಾರೆ. ಸ್ಪೇನಿನ ಒಟ್ಟು ಜನಸಂಖ್ಯೆ ಅದರ ಅರ್ಧವೂ ಇಲ್ಲ. ಲ್ಯಾಟಿನ್ ಅಮೆರಿಕದವರಿಗೆ ಅವನು ಓಮೆರೊನೇ. ಪೊಲೀಸ್ ವಿಗಮ್ ಅಲ್ಲಿ ಗೊರ್ಗೊರಿ, ಓಮೆರೊನ ಗೆಳೆಯ ಬಾರ್ನಿ ಗಂಬಲ್ ಅಲ್ಲಿ ಬಾರ್ನಿ ಗೋಮೆಸ್. ಕೋಟಿಗಟ್ಟಲೆ ಜನ ಕೇಳಿ ಬೆಳೆದ ಭಾಷೆ ನಕಲಿಯಾ?

ಹಳೇಕಿಟಕಿ:
ಗಂಬಲ್‌ನನ್ನು ಗೋಮೆಸ್ ಮಾಡಿದ್ದನ್ನು ನೀವೇ ಒಪ್ಪಿಕೊಂಡಿರಿ. ಹೆಸರನ್ನೇ ಬದಲಿಸಿದವರ ಮಾತು ನಂಬೋದು ಹೇಗೆ?

ಮೂರನೇಬೆಂಚು:
ಸ್ಪೇನಿನವರು ಸುಮ್ನೆ ಕೂತಿದ್ದರಾ? ಲೀಸಾಳ ಅಣ್ಣ ಬಾರ್ಟ್ ಇಂಗ್ಲಿಷ್‌ನಲ್ಲಿ 'ನನ್ನ ಚಡ್ಡಿ ತಿನ್ನು' ಅಂದರೆ ಅವರು 'ಮುಲ್ತಿಪ್ಲಿಕಾತೆ ಪೊರ್ ಸೆರೊ' ಮಾಡಿದರು. ಅಂದರೆ 'ನಿನ್ನನ್ನು ಸೊನ್ನೆಯಿಂದ ಗುಣಿಸಿಕೋ'. ಮೂಲದಲ್ಲಿ ಎಲ್ಲಿದೆ ಇದು?

ಹಳೇಕಿಟಕಿ:
'ಸೆರೊ' ಅಲ್ಲ. ಸ್ಪೇನಿನ ಬಹುಪಾಲು ಕಡೆ ಅದು 'ಥೆರೊ'. ನಾಲಿಗೆ ಹಲ್ಲಿನ ನಡುವೆ ಬರಬೇಕು. ಮೊದಲು ಉಚ್ಚಾರ ಕಲಿಯಿರಿ, ಆಮೇಲೆ ಚರ್ಚೆ.

ಚಿಟ್ಟೆ22:
ನಿಮ್ಮ 'ಥ' ಕೂಡ ಆ ಸದ್ದು ಅಲ್ಲ. ನಮ್ಮ ಲಿಪಿಯಲ್ಲಿ ಅದಕ್ಕೆ ಅಕ್ಷರವೇ ಇಲ್ಲ. ಬರೆದು ತೋರಿಸಿ ಬೈಯೋದು ಯಾಕೆ? ನನಗೆ ಆ ಸಾಲು ತುಂಬಾ ಇಷ್ಟ. ಕೊನೆಯ 'ತೆ' ನೋಡಿ, 'ನಿನ್ನನ್ನು' ಅನ್ನೋದು ಕ್ರಿಯಾಪದಕ್ಕೇ ಅಂಟಿಕೊಂಡಿದೆ. ಅದನ್ನು ಕೇಳಿದ ಮೇಲೆ 'ಸಿಯೆಂತಾತೆ' ಅಂದರೆ ಕುಳಿತುಕೋ ಅಂತ ತಾನಾಗೇ ಗೊತ್ತಾಯಿತು.

ಹಳೇಕಿಟಕಿ:
"ಬೈಯೋದು" ಅಂದಿರಲ್ಲ, ನಾನು ಯಾರನ್ನೂ ಬೈದಿಲ್ಲ. ಸ್ಪೇನಿನಲ್ಲಿ ಗೆಳೆಯರ ಗುಂಪಿಗೆ 'ವೊಸೊತ್ರೊಸ್' ಅನ್ನುತ್ತಾರೆ. ಲ್ಯಾಟಿನ್ ಅಮೆರಿಕದವರು ಅದನ್ನು ಬಿಟ್ಟು ಎಲ್ಲ ಗುಂಪಿಗೂ 'ಉಸ್ತೇದೆಸ್' ಅನ್ನುತ್ತಾರೆ. ಅವರ ಕ್ವಿಜ್ ಆಡಿದವರಿಗೆ ಕ್ರಿಯಾಪದದ ಒಂದು ರೂಪವೇ ತಪ್ಪಿಹೋಗುತ್ತದೆ. ಅದು ನಷ್ಟ ಅಲ್ವಾ?

ಚಿಟ್ಟೆ22:
"ನಷ್ಟ" ಏನೂ ಇಲ್ಲ. ಕನ್ನಡದಲ್ಲಿ ಗೆಳೆಯರ ಗುಂಪಿಗೂ 'ನೀವು', ಹಿರಿಯರ ಗುಂಪಿಗೂ 'ನೀವು'. 'ಉಸ್ತೇದೆಸ್' ಹಾಗೇ ಇದೆ. ನಮಗೆ ಅದೇ ಸಲೀಸು.

ಮೂರನೇಬೆಂಚು:
ಸರಿಯಾಗಿ ಹೇಳಿದಿರಿ! ಕ್ವಿಜ್ ಬಗ್ಗೆಯೂ ಒಂದು ಮಾತು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನೋ ಮನೋವಿಜ್ಞಾನಿಗಳ ಪ್ರಯೋಗ ಪ್ರಕಟವಾಗಿದೆ. ಮತ್ತೆ ಮತ್ತೆ ಓದಿದವರಿಗಿಂತ ಪರೀಕ್ಷೆ ಬರೆದವರಿಗೆ ಒಂದು ವಾರದ ಮೇಲೆ ಜಾಸ್ತಿ ನೆನಪಿತ್ತು. ಅಲ್ಲಿಗೆ ಮುಗಿಯಿತು.

ವ್ಯಾಕರಣಪ್ರಿಯ:
"ಪರೀಕ್ಷೆ" ಯಾವುದು ಅಂತ ಹೇಳದೆ ಯಾಕೆ ಬಿಟ್ಟಿರಿ? ಅವರು ನಾಲ್ಕು ಆಯ್ಕೆ ಕೊಟ್ಟಿರಲಿಲ್ಲ. ಓದಿದ್ದನ್ನು ನೆನಪಿನಿಂದಲೇ ಬರೆಯಬೇಕಿತ್ತು. ಐದು ನಿಮಿಷದ ಮೇಲೆ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಅದನ್ನೂ ಹೇಳಿ.

ಮೂರನೇಬೆಂಚು:
ಐದು ನಿಮಿಷಕ್ಕೆ ಯಾರಾದರೂ ಭಾಷೆ ಕಲಿಯುತ್ತಾರಾ? ಸೋಲುವಾಗ ಗಡಿಯಾರ ಹಿಡಿದುಕೊಂಡು ಬರಬೇಡಿ. ನೀವು ಬಂದದ್ದು ಕಲಿಸೋಕಲ್ಲ, ಒಬ್ಬರ ಹುರುಪು ಇಳಿಸೋಕೆ.

ಹಳೇಕಿಟಕಿ:
ಹೆಸರಿನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಸ್ಪೇನಿನಲ್ಲಿ ಕಾರ್ಲೊಸ್ ರೆವಿಯಾ 2000ದಲ್ಲಿ ತೀರಿಕೊಳ್ಳುವವರೆಗೂ ಹೋಮರ್‌ಗೆ ದನಿ ಕೊಟ್ಟರು. ಅದನ್ನು ಕೇಳಿದ ಮೇಲೆ ಬೇರೆ ದನಿ ಕಿವಿಗೆ ಹಿಡಿಸುವುದಿಲ್ಲ.

ಮೂರನೇಬೆಂಚು:
ಕಿವಿಯ ಮಾತಾದರೆ ಉಂಬೆರ್ತೊ ವೆಲೆಸ್ ಕೇಳಿ ನೋಡಿ. ಮೆಕ್ಸಿಕೊದಲ್ಲಿ ಓಮೆರೊ ಅಂದರೆ ಅವರೇ. ಇನ್ನು ನಾನು ಹೇಳುವುದಿಲ್ಲ.

ರಾತ್ರಿಪಾಠ:
ನಾನು ಕೇಳಿದ್ದು ಕ್ವಿಜ್ ಬಗ್ಗೆ, ನೀವೆಲ್ಲ ಹೆಸರು ಹಿಡಿದು ಜಗಳಾಡುತ್ತಿದ್ದೀರಿ. ಬೇಜಾರಾಯಿತು. ನಿನ್ನೆ ರಾತ್ರಿ ಆಯ್ಕೆಗಳನ್ನು ಕೈಯಿಂದ ಮುಚ್ಚಿಕೊಂಡು 20 ಪ್ರಶ್ನೆಗೆ ಪೂರ್ತಿ ವಾಕ್ಯದಲ್ಲಿ ಉತ್ತರ ಬರೆದೆ. 7 ಸರಿ. 'ನೆಡ್ ಎಸ್ ಸುರ್ದೊ', ಪಕ್ಕದ ಮನೆಯ ನೆಡ್ ಫ್ಲಾಂಡರ್ಸ್ ಎಡಚ, ಅಂತ ನೋಡದೇ ಬರೆದೆ. ಪುಸ್ತಕದಿಂದ ಒಂದೂ ಬರುತ್ತಿರಲಿಲ್ಲ. ನನ್ನ ಮಾತು ಬದಲಿಸುವುದಿಲ್ಲ.

ವ್ಯಾಕರಣಪ್ರಿಯ:
"ಆಯ್ಕೆ ಮುಚ್ಚಿಕೊಂಡು" ಅಂದಿರಿ. ನಾನು ಮೊದಲಿಂದ ಹೇಳಿದ್ದೂ ಅದನ್ನೇ. 'ಸುರ್ದೊ' ಸರಿ. ಲೀಸಾಳೂ ಎಡಚಿ ಆಗಿದ್ದರೆ ಏನು ಬರೆಯುತ್ತಿದ್ದಿರಿ?

ರಾತ್ರಿಪಾಠ:
'ಸುರ್ದಾ'.

ಹಳೇಕಿಟಕಿ:
ಹೋಮರ್ ತಿನ್ನುವ ಡೋನಟ್‌ಗೆ ಏನು ಬರೆದಿರಿ, ಮೆಕ್ಸಿಕೊದ 'ದೋನಾ'ನಾ, ಸ್ಪೇನಿನ 'ರೊಸ್ಕಿಯಾ'ನಾ?